ಹಾದಿ ಕಾಯಲು ಹೋದ ದಂಡು

1801ರ ಬೇಸಿಗೆ. ಕೆಂಪು ಸಮುದ್ರದ ದಡದಲ್ಲಿರುವ ಕುಸೈರ್ ಎಂಬ ಸಣ್ಣ ಬಂದರಿನಲ್ಲಿ ಹಿಂದೂಸ್ತಾನದಿಂದ ಹೊರಟ ಹಡಗುಗಳು ಒಂದರ ಹಿಂದೊಂದು ಲಂಗರು ಹಾಕಿದವು. ಇಳಿದವರಲ್ಲಿ ಬ್ರಿಟಿಷ್ ಸೈನಿಕರ ಜೊತೆ ಬಾಂಬೆ, ಬಂಗಾಳದ ಸಿಪಾಯಿಗಳೂ ಇದ್ದರು. ಅಲ್ಲಿಂದ ನೈಲ್ ದಂಡೆಯ ಕೆನಾ ಊರಿನವರೆಗೆ ಸುಮಾರು 120 ಮೈಲಿ ಬರೀ ಮರಳುಗಾಡು. ಬಿಸಿಲಿಗೆ ಹೆದರಿ ರಾತ್ರಿ ಹೊತ್ತು ನಡೆದರು. ತೊಗಲಿನ ಚೀಲಗಳಲ್ಲಿ ತುಂಬಿಕೊಂಡ ನೀರು ದಾರಿಯಲ್ಲೇ ಸೋರಿಹೋಗುತ್ತಿತ್ತು. ಹೇಗೋ ನದಿ ಮುಟ್ಟಿ, ದೋಣಿ ಹತ್ತಿ ಸಮುದ್ರದ ಕಡೆ ಸಾಗುವಷ್ಟರಲ್ಲಿ ಅವರು ಎದುರಿಸಬೇಕಿದ್ದ ಕೈರೋದ ಫ್ರೆಂಚರು ಶರಣಾಗಿಬಿಟ್ಟಿದ್ದರು, ಅಲೆಕ್ಸಾಂಡ್ರಿಯಾದವರು ಶರಣಾಗುವುದರಲ್ಲಿದ್ದರು. ಅಷ್ಟು ದೂರ ಬಂದ ದಂಡಿಗೆ ಯುದ್ಧವೇ ಸಿಗಲಿಲ್ಲ.

ಆ ದಂಡಿನ ಸೇನಾಪತಿ ಡೇವಿಡ್ ಬೇರ್ಡ್ ಕನ್ನಡನಾಡಿಗೆ ಹೊಸಬನಲ್ಲ. 1780ರ ಪೊಲ್ಲಿಲೂರು ಕಾಳಗದಲ್ಲಿ ಮೈಸೂರು ಸೈನ್ಯದ ಕೈಗೆ ಸಿಕ್ಕು ಸುಮಾರು 44 ತಿಂಗಳು ಶ್ರೀರಂಗಪಟ್ಟಣದ ಸೆರೆಯಲ್ಲಿದ್ದವನು. 1799ರ ಮೇ 4ರಂದು ಅದೇ ಕೋಟೆಯ ಒಡೆದ ಗೋಡೆಯೊಳಗೆ ಕತ್ತಿ ಹಿರಿದು ನುಗ್ಗಿದವನು. (ಮಗನನ್ನು ಇನ್ನೊಬ್ಬ ಕೈದಿಯ ಜೊತೆ ಸೇರಿಸಿ ಸರಪಳಿ ಬಿಗಿದಿದ್ದಾರೆ ಎಂದು ಕೇಳಿದ ಅವನ ತಾಯಿ, ನಮ್ಮ ಡೇವಿಯ ಜೊತೆ ಕಟ್ಟಿಸಿಕೊಂಡ ಆ ಪಾಪದವನನ್ನು ದೇವರೇ ಕಾಪಾಡಬೇಕು ಅಂದಳಂತೆ.) ಬೇರ್ಡ್‌ನ ಜೊತೆ ಈಜಿಪ್ಟಿಗೆ ಹೊರಟಿದ್ದ ಆರ್ಥರ್ ವೆಲ್ಲೆಸ್ಲಿ ಬಾಂಬೆಯಲ್ಲಿ ಜ್ವರ, ಕಜ್ಜಿಯಿಂದ ಮಲಗಿ ಶ್ರೀರಂಗಪಟ್ಟಣಕ್ಕೆ ಹಿಂತಿರುಗಿದ. ಅವನು ಹತ್ತಬೇಕಿದ್ದ ಹಡಗು ಇದ್ದವರೆಲ್ಲರ ಸಮೇತ ಮುಳುಗಿತು. ಆ ಕಜ್ಜಿ ಹತ್ತದಿದ್ದರೆ ವಾಟರ್‌ಲೂನಲ್ಲಿ ನೆಪೋಲಿಯನ್ನನ ಎದುರು ನಿಲ್ಲಲು ಬೇರೊಬ್ಬ ಸೇನಾಪತಿಯನ್ನು ಹುಡುಕಬೇಕಾಗುತ್ತಿತ್ತು.

ಕಾವೇರಿ ದಡಕ್ಕೂ ನೈಲ್ ದಡಕ್ಕೂ ಎತ್ತಣ ಸಂಬಂಧ? ಲಂಡನ್ನಿನ ನಕಾಶೆಯಲ್ಲಿ ಎರಡೂ ಒಂದೇ ಹಾದಿಯ ಮೇಲಿದ್ದವು. ಆ ಹಾದಿಯ ಕೊನೆಯಲ್ಲಿ ಇಂಡಿಯಾ ಇತ್ತು. ಮುಂದಿನ ನೂರೈವತ್ತು ವರ್ಷ ಬ್ರಿಟನ್ ತನ್ನ ಮನೆಯಿಂದ ಸಾವಿರಾರು ಮೈಲಿ ದೂರ ಮಾಡಿದ ಯುದ್ಧಗಳಲ್ಲಿ ಬಹಳಷ್ಟನ್ನು ಇಂಡಿಯಾದ ಹಾದಿಯನ್ನು ಕಾಯುವ ಹೆಸರಿನಲ್ಲೇ ಮಾಡಿತು. ದೊಡ್ಡ ಶಕ್ತಿಗಳು ದೂರದ ನಾಡುಗಳ ಮೇಲೆ ಬೀಳುವುದು ಆಸೆಯಿಂದ ಎಂಬುದು ಸಾಮಾನ್ಯ ನಂಬಿಕೆ. ಬ್ರಿಟನ್ನಿನ ಕಡತಗಳನ್ನು ಓದಿದವರಿಗೆ ಆಸೆಗಿಂತ ಹೆಚ್ಚಾಗಿ ಕಾಣುವುದು ಭಯ: ಕೈಯಲ್ಲಿರುವುದು ಹೋದೀತು ಎಂಬ ಭಯ. ಆದರೆ ಭಯವೊಂದೇ ದಂಡನ್ನು ಎಬ್ಬಿಸುವುದಿಲ್ಲ. ದಂಡಿಗೆ ಸಂಬಳ ಕೊಡುವವರು ಯಾರಾದರೂ ಬೇಕು. ಭಯದ ವಿಚಾರ ರಾಜತಂತ್ರದ ಪುಸ್ತಕಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಸಂಬಳದ ವಿಚಾರ ಅಡಿಟಿಪ್ಪಣಿಗೆ ಹೋಗಿರುತ್ತದೆ.

ಭಯದಿಂದಲೇ ಶುರು ಮಾಡಬಹುದು. 1798ರ ಜನವರಿಯಲ್ಲಿ ಮಾರಿಷಸ್‌ನ ಫ್ರೆಂಚ್ ಗವರ್ನರ್ ಮಲಾರ್ತಿಕ್, ಟಿಪ್ಪುವಿನ ದೂತರು ಸಹಾಯ ಕೇಳಿ ಬಂದಿದ್ದಾರೆ ಎಂಬ ಗುಟ್ಟಿನ ಸಂಗತಿಯನ್ನು ಊರಿಗೆಲ್ಲ ಸಾರಿ ಪ್ರಕಟಣೆ ಹೊರಡಿಸಿದ. ಇಷ್ಟು ಡಂಗುರದ ನಂತರ ಮಂಗಳೂರಿಗೆ ಬಂದಿಳಿದವರು ನೂರರ ಆಸುಪಾಸು ಜನ ಮಾತ್ರ. ಪ್ರಕಟಣೆಯ ಪ್ರತಿ ಜೂನ್‌ನಲ್ಲಿ ಕಲ್ಕತ್ತೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಆಗಷ್ಟೇ ಗವರ್ನರ್ ಜನರಲ್ ಆಗಿ ಬಂದಿದ್ದ ರಿಚರ್ಡ್ ವೆಲ್ಲೆಸ್ಲಿ, ಆರ್ಥರ್‌ನ ಅಣ್ಣ, ಅದನ್ನು ಓದಿ ಯುದ್ಧದ ತಯಾರಿಗೆ ಅಪ್ಪಣೆ ಕೊಟ್ಟ. ಜುಲೈ ಮೊದಲಲ್ಲಿ ನೆಪೋಲಿಯನ್ ಈಜಿಪ್ಟಿಗೆ ಇಳಿದ. ಕೈರೋದಿಂದ ಸೂಯೆಜ್, ಸೂಯೆಜ್‌ನಿಂದ ಮಂಗಳೂರು ಎಂದು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳ ಬೆರಳು ನಕಾಶೆಯ ಮೇಲೆ ಓಡತೊಡಗಿತು.

ಆದರೆ ಆಗಸ್ಟ್ 1ರ ರಾತ್ರಿ ಅಬೂಕಿರ್ ಕೊಲ್ಲಿಯಲ್ಲಿ ನೆಲ್ಸನ್ ಫ್ರೆಂಚ್ ನೌಕಾಪಡೆಯನ್ನು ಸುಟ್ಟುಹಾಕಿದ್ದ. ಆ ಸುದ್ದಿ ಅಕ್ಟೋಬರ್ ಕೊನೆಯ ಹೊತ್ತಿಗೆ ಕಲ್ಕತ್ತೆಗೆ ಮುಟ್ಟಿತು. ಹಡಗಿಲ್ಲದ ನೆಪೋಲಿಯನ್ ಈಜಿಪ್ಟಿನಲ್ಲೇ ಸಿಕ್ಕಿಬಿದ್ದಿದ್ದ. 1799ರ ಜನವರಿಯಲ್ಲಿ ಅವನು ಕೈರೋದಿಂದ ಟಿಪ್ಪುವಿಗೆ ಬರೆದ ಪತ್ರ, ಇಂಗ್ಲಿಷರ ನೊಗದಿಂದ ನಿಮ್ಮನ್ನು ಬಿಡಿಸಲು ಬರುತ್ತಿದ್ದೇನೆ, ನಂಬಿಕಸ್ಥನೊಬ್ಬನನ್ನು ಕಳಿಸಿ ಎಂಬರ್ಥದ್ದು, ದಾರಿಯಲ್ಲೇ ಇಂಗ್ಲಿಷರ ಕೈಸೇರಿತು. ಶ್ರೀರಂಗಪಟ್ಟಣವನ್ನು ಮುಟ್ಟಲೇ ಇಲ್ಲ. ಯುದ್ಧಕ್ಕೆ ಕೊಟ್ಟ ಕಾರಣ ಹೀಗೆ ಮುಕ್ಕಾಲು ಪಾಲು ಕರಗಿದ ಮೇಲೆ, ಫೆಬ್ರವರಿಯಲ್ಲಿ, ಜನರಲ್ ಹ್ಯಾರಿಸ್‌ನ ಸೈನ್ಯ ವೆಲ್ಲೂರಿನಿಂದ ಹೊರಟಿತು.

ಗೆದ್ದ ಮೇಲೆ ಮಾಡಿಕೊಂಡ ಒಪ್ಪಂದವನ್ನು ನೋಡಿದರೆ ವೆಲ್ಲೆಸ್ಲಿಯ ಲೆಕ್ಕ ಸ್ಪಷ್ಟವಾಗುತ್ತದೆ. ಕಾರವಾರದಿಂದ ಮಂಗಳೂರಿನ ಆಚೆಯವರೆಗೆ ಕನ್ನಡ ಕರಾವಳಿಯನ್ನು ಕಂಪನಿ ತಾನೇ ಇಟ್ಟುಕೊಂಡಿತು. ಒಡೆಯರ ವಂಶದ ಬಾಲರಾಜನಿಗೆ ಸಿಕ್ಕ ಮೈಸೂರಿಗೆ ಒಂದು ಬಂದರೂ ಇರಲಿಲ್ಲ. ಫ್ರೆಂಚ್ ಹಡಗು ಬಂದರೂ ಇಳಿಯಲು ಮಿತ್ರರ ದಡವಿಲ್ಲದಂತೆ ಮಾಡಿದ್ದಾಯಿತು. ಇನ್ನೊಂದು ಕಲಮು ಇದಕ್ಕಿಂತ ಮುಖ್ಯವಾದದ್ದು. ಮೈಸೂರಿನ ರಕ್ಷಣೆಗೆಂದು ಕಂಪನಿಯ ಸೈನ್ಯ ಅಲ್ಲೇ ಬೀಡುಬಿಡುತ್ತದೆ, ಅದರ ಖರ್ಚಿಗೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕೊಡಬೇಕು. ಶ್ರೀರಂಗಪಟ್ಟಣದ ಮಲೇರಿಯಾ ತಡೆಯಲಾರದೆ ಆ ಸೈನ್ಯ 1809ರಲ್ಲಿ ಹಲಸೂರಿನ ಬಯಲಿಗೆ ಬಂತು. ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದು ಹಾಗೆ. ರಾಜ್ಯವೇ ತನ್ನನ್ನು ಕಾಯುವವರ ಸಂಬಳ ಕೊಡುವ ಇಂಥ ಏರ್ಪಾಡನ್ನು ವೆಲ್ಲೆಸ್ಲಿ ಹೈದರಾಬಾದು, ಅವಧ್‌ಗಳಲ್ಲೂ ಮಾಡಿದ. ಅವನು ಇಂಗ್ಲೆಂಡಿಗೆ ಮರಳುವ ಹೊತ್ತಿಗೆ ಕಂಪನಿಯ ಸೈನ್ಯ ಒಂದೂವರೆ ಲಕ್ಷದಷ್ಟಾಗಿತ್ತು. ಬ್ರಿಟನ್ನಿನ ತೆರಿಗೆದಾರ ಅದಕ್ಕೆ ಕೈಯಿಂದ ಬಿಚ್ಚಬೇಕಾದ್ದು ಅಷ್ಟಕ್ಕಷ್ಟೆ.

ಇಂಥ ಸೈನ್ಯ ಕೈಗೆ ಬಂದ ಮೇಲೆ ದೂರದ ಭಯಗಳು ಹತ್ತಿರದ್ದಾಗಿ ಕಾಣತೊಡಗಿದವು. ಫ್ರೆಂಚರ ಜಾಗಕ್ಕೆ ರಷ್ಯನ್ನರು ಬಂದರು. 1837ರಲ್ಲಿ ಪರ್ಷಿಯಾದ ಷಾ ರಷ್ಯನ್ನರ ಕುಮ್ಮಕ್ಕಿನಿಂದ ಹೆರಾತ್ ಕೋಟೆಗೆ ಮುತ್ತಿಗೆ ಹಾಕಿದ. ಹೆರಾತ್ ಹೋದರೆ ಕಂದಹಾರ್, ಕಂದಹಾರ್ ಹೋದರೆ ಸಿಂಧೂ ನದಿ ಎಂದು ಸಿಮ್ಲಾದಲ್ಲಿ ಗವರ್ನರ್ ಜನರಲ್ ಆಕ್ಲೆಂಡ್‌ನ ಕಾರ್ಯದರ್ಶಿಗಳು ಪೋಣಿಸಿದರು. ಕಾಬೂಲಿನ ದೋಸ್ತ್ ಮುಹಮ್ಮದನನ್ನು ಕೆಳಗಿಳಿಸಿ, ದಶಕಗಳಿಂದ ಲುಧಿಯಾನದಲ್ಲಿ ಕಂಪನಿಯ ಪಿಂಚಣಿ ತಿನ್ನುತ್ತಿದ್ದ ಷಾ ಶುಜಾನನ್ನು ಗದ್ದುಗೆಗೆ ಏರಿಸುವುದು ಅವರು ಕಂಡುಕೊಂಡ ಮದ್ದು. 1838ರ ಅಕ್ಟೋಬರ್ 1ರಂದು ಯುದ್ಧದ ಘೋಷಣೆ ಹೊರಬಿತ್ತು. ಆದರೆ ಸೆಪ್ಟೆಂಬರ್‌ನಲ್ಲೇ ಪರ್ಷಿಯನ್ನರು ಮುತ್ತಿಗೆ ಬಿಟ್ಟು ಮನೆಗೆ ಹೊರಟಿದ್ದರು! ಆ ಸುದ್ದಿ ಬಂದ ಮೇಲೂ ಫಿರೋಜ್‌ಪುರದಲ್ಲಿ ಸೇರಿದ್ದ ಸೈನ್ಯ ಚದುರಲಿಲ್ಲ.

ಆ ಸೈನ್ಯ ಹೊರಟ ವೈಭವವನ್ನು ನೋಡಬೇಕು. ಅದರ ಹಿಂದೆ ಅಡುಗೆಯವರು, ಧೋಬಿಗಳು, ಡೋಲಿ ಹೊರುವವರು, ಕುದುರೆ ಲಾಯದವರು ಎಂದು ಸುಮಾರು 38 ಸಾವಿರ ಜನ, 30 ಸಾವಿರ ಒಂಟೆ. ಒಬ್ಬ ಬ್ರಿಗೇಡಿಯರ್ ತನ್ನೊಬ್ಬನ ಸಾಮಾನಿಗೇ 60 ಒಂಟೆ ಕಟ್ಟಿಸಿಕೊಂಡಿದ್ದ. ಒಂದು ರೆಜಿಮೆಂಟಿನ ಅಧಿಕಾರಿಗಳ ಸಿಗಾರು ಹೊರಲು ಎರಡು ಒಂಟೆ. ಇನ್ನೊಂದು ರೆಜಿಮೆಂಟು ನರಿ ಬೇಟೆಯ ನಾಯಿಗಳನ್ನೂ ಕರೆದೊಯ್ದಿತು. ಮೂರು ವರ್ಷದ ನಂತರ, 1842ರ ಜನವರಿಯ ಹಿಮದಲ್ಲಿ, ಕಾಬೂಲಿನಿಂದ ಕಾಲ್ತೆಗೆದವರು ಸುಮಾರು 4,500 ಸೈನಿಕರು, 12 ಸಾವಿರ ಪರಿವಾರದವರು. ಸೈನಿಕರಲ್ಲಿ ಬಿಳಿಯರು 700ರಷ್ಟು ಮಾತ್ರ. ಅವರಲ್ಲಿ ಬದುಕುಳಿದು ಜನವರಿ 13ರಂದು ಜಲಾಲಾಬಾದ್ ಕೋಟೆಗೆ ಸೋತ ಕುದುರೆಯ ಮೇಲೆ ಬಂದ ಡಾಕ್ಟರ್ ಬ್ರೈಡನ್‌ನ ಚಿತ್ರವನ್ನು ಮುಂದೆ ಬ್ರಿಟಿಷರು ಪೂಜೆಯ ಪಟದಂತೆ ಇಟ್ಟುಕೊಂಡರು. ಕಣಿವೆಯಲ್ಲಿ ಹೆಪ್ಪುಗಟ್ಟಿ ಸತ್ತ ಹಿಂದೂಸ್ತಾನಿಗಳಿಗೆ ಅಂಥ ಚಿತ್ರಗಾರ ಸಿಗಲಿಲ್ಲ. 1843ರಲ್ಲಿ ದೋಸ್ತ್ ಮುಹಮ್ಮದನೇ ಮತ್ತೆ ಕಾಬೂಲಿನ ಗದ್ದುಗೆಯ ಮೇಲಿದ್ದ. ಯುದ್ಧದ ಖರ್ಚು ಬಿದ್ದದ್ದು ಹಿಂದೂಸ್ತಾನದ ಕಂದಾಯದ ಮೇಲೆ.

ನೆಲದ ಹಾದಿಯ ಕಥೆ ಇದಾದರೆ ನೀರಿನ ಹಾದಿಯದು ಇನ್ನೊಂದು. 1830ರಲ್ಲಿ ‘ಹ್ಯೂ ಲಿಂಡ್ಸೆ’ ಎಂಬ ಉಗಿಹಡಗು ಬಾಂಬೆಯಿಂದ ಸೂಯೆಜ್‌ಗೆ ಹೊರಟಾಗ ಅದರಲ್ಲಿ ಸಿಕ್ಕಸಿಕ್ಕ ಜಾಗದಲ್ಲೆಲ್ಲ ಕಲ್ಲಿದ್ದಲು ತುಂಬಿದ್ದರು. ಆದರೂ ಏಡನ್ ತಲುಪಿದಾಗ ಉಳಿದದ್ದು ಕೆಲವೇ ಗಂಟೆಗಳಿಗೆ ಸಾಲುವಷ್ಟು. ಉಗಿಹಡಗು ಓಡಬೇಕಾದರೆ ನಡುದಾರಿಯಲ್ಲಿ ಕಲ್ಲಿದ್ದಲಿನ ಉಗ್ರಾಣ ಬೇಕು ಎಂದಾಯಿತು. 1837ರಲ್ಲಿ ‘ದರಿಯಾ ದೌಲತ್’ ಎಂಬ ಹಡಗು ಏಡನ್ ಬಳಿ ಒಡೆದು, ಪ್ರಯಾಣಿಕರನ್ನು ಸ್ಥಳೀಯರು ಲೂಟಿ ಮಾಡಿದ್ದು ತಕ್ಕ ನೆಪವಾಯಿತು. (ಶ್ರೀರಂಗಪಟ್ಟಣದ ಅರಮನೆಗೂ ಈ ಹಡಗಿಗೂ ಹೆಸರೊಂದು ಬಿಟ್ಟರೆ ನಂಟಿಲ್ಲ.) 1839ರ ಜನವರಿಯಲ್ಲಿ ಬಾಂಬೆಯಿಂದ ಹೋದ ಪಡೆ ಏಡನ್ ಹಿಡಿಯಿತು. ಅರಬ್ಬರ ಆ ಬಂದರನ್ನು ಮುಂದೆ ಒಂಬತ್ತು ದಶಕಕ್ಕೂ ಹೆಚ್ಚು ಕಾಲ ಆಳಿದ್ದು ಬಾಂಬೆ ಸರ್ಕಾರ.

ಸೂಯೆಜ್ ಕಾಲುವೆ ತೋಡುವ ಮಾತು ಬಂದಾಗ ಬ್ರಿಟನ್ನಿನ ಪ್ರಧಾನಿ ಪಾಮರ್‌ಸ್ಟನ್ ಕಡುವಿರೋಧಿಯಾಗಿದ್ದ. ಉತ್ತರದಲ್ಲಿ ಜಮೀನು, ದಕ್ಷಿಣದಲ್ಲಿ ಮನೆ ಇರುವ ಧಣಿಗೆ ದಾರಿಯ ಛತ್ರಗಳ ಒಡೆತನ ಬೇಕಿಲ್ಲ, ಹೋದಾಗ ಊಟ, ಬದಲಿ ಕುದುರೆ ಸಿಕ್ಕರೆ ಸಾಕು, ಬ್ರಿಟನ್ನಿಗೆ ಈಜಿಪ್ಟ್ ಬೇಕಿರುವುದೂ ಅಷ್ಟರಮಟ್ಟಿಗೇ ಎಂದು 1859ರಲ್ಲಿ ಬರೆದಿದ್ದ. ಕಾಲುವೆಯಾದರೆ ಛತ್ರವನ್ನೇ ಕೊಳ್ಳಬೇಕಾದೀತು ಎಂಬ ಅಂಜಿಕೆ ಅವನದು. ಅದು ನಿಜವಾಯಿತು. 1869ರ ನವೆಂಬರ್ 17ರಂದು ಕಾಲುವೆ ತೆರೆಯಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದರಲ್ಲಿ ಓಡಾಡುವ ಹಡಗುಗಳಲ್ಲಿ ಮುಕ್ಕಾಲಿಗೂ ಹೆಚ್ಚು ಬ್ರಿಟನ್ನಿನವು. 1875ರಲ್ಲಿ ಸಾಲದಲ್ಲಿ ಮುಳುಗಿದ್ದ ಈಜಿಪ್ಟಿನ ದೊರೆ ಖೆದೀವ್ ಇಸ್ಮಾಯಿಲ್ ತನ್ನ ಷೇರುಗಳನ್ನು ಮಾರಲು ಹೊರಟಾಗ, ಪ್ರಧಾನಿ ಡಿಸ್ರೇಲಿ ರಾತ್ಸ್‌ಚೈಲ್ಡ್ ಮನೆತನದಿಂದ 40 ಲಕ್ಷ ಪೌಂಡ್ ಕೈಗಡ ಪಡೆದು 1,76,602 ಷೇರು ಕೊಂಡ. ಏಳು ವರ್ಷಕ್ಕೆ ಸೈನ್ಯವೂ ಹೋಯಿತು. ಕರ್ನಲ್ ಉರಾಬಿಯ ದಂಗೆಯ ನೆಪದಲ್ಲಿ 1882ರ ಜುಲೈ 11ರಂದು ಅಲೆಕ್ಸಾಂಡ್ರಿಯಾದ ಮೇಲೆ ಫಿರಂಗಿ ಸುರಿದು, ಸೆಪ್ಟೆಂಬರ್ 13ರಂದು ತೆಲ್ ಎಲ್ ಕೆಬೀರ್‌ನಲ್ಲಿ ಉರಾಬಿಯ ಪಡೆಯನ್ನು ಮುರಿದರು.

ಇದನ್ನು ಮಾಡಿದ್ದು ಸಾಮ್ರಾಜ್ಯ ವಿಸ್ತರಣೆಯನ್ನು ಜೀವಮಾನವಿಡೀ ಟೀಕಿಸಿದ ಗ್ಲ್ಯಾಡ್‌ಸ್ಟನ್ ಸರ್ಕಾರ ಎಂಬುದೇ ಸ್ವಾರಸ್ಯ. ಫಿರಂಗಿ ದಾಳಿಗೆ ಅಸಹ್ಯಪಟ್ಟು ಮಂತ್ರಿ ಜಾನ್ ಬ್ರೈಟ್ ರಾಜೀನಾಮೆ ಕೊಟ್ಟ. ಗ್ಲ್ಯಾಡ್‌ಸ್ಟನ್‌ನ ಸ್ವಂತ ಹೂಡಿಕೆಯಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಈಜಿಪ್ಟಿನ ಆದಾಯದ ಭರವಸೆಯ ಮೇಲೆ ಎತ್ತಿದ ಸಾಲಪತ್ರಗಳಲ್ಲಿತ್ತು ಎಂಬುದು ಅವನ ದಿನಚರಿಗಳು ಅಚ್ಚಾದ ಮೇಲೆ ಬಯಲಾಯಿತು. ಇತಿಹಾಸಕಾರರು ಈ ಯುದ್ಧದ ಕಾರಣಕ್ಕಾಗಿ ಇನ್ನೂ ಜಗಳವಾಡುತ್ತಾರೆ. ಕಾಲುವೆಯ ಭಯ, ಅಂದರೆ ಇಂಡಿಯಾದ ಹಾದಿಯೇ ಕಾರಣ ಎಂದು ರಾಬಿನ್ಸನ್ ಮತ್ತು ಗ್ಯಾಲಹರ್ 1961ರಲ್ಲಿ ವಾದಿಸಿದರು. ಕಾಲುವೆಗೆ ಯಾವ ಅಪಾಯವೂ ಇರಲಿಲ್ಲ, ಸಾಲ ಕೊಟ್ಟವರ ಹಿತವೇ ಕಾರಣ ಎಂದು ಎ.ಜಿ. ಹಾಪ್ಕಿನ್ಸ್ 1986ರಲ್ಲಿ ಉತ್ತರ ಕೊಟ್ಟರು. ಸಾಲಪತ್ರ ಇಟ್ಟುಕೊಂಡವನ ಕಣ್ಣಿಗೆ ಕಾಲುವೆಯ ಅಪಾಯವೂ ಬೇಗ ಕಾಣಿಸುತ್ತದೆ ಎಂದರೆ ಎರಡು ವಾದಗಳೂ ಅಷ್ಟು ದೂರ ನಿಲ್ಲುವುದಿಲ್ಲ.

ಬೇಗ ಹೊರಡುತ್ತೇವೆ ಎಂದು ಬಂದ ಬ್ರಿಟಿಷರು ಹೊರಡಲಿಲ್ಲ. ಕಾವಲಿಗೊಂದು ಕಾವಲು, ಅದಕ್ಕೂ ಒಂದು ಕಾವಲು ಎಂದು ಸರಪಳಿ ಬೆಳೆಯಿತು. ಈಜಿಪ್ಟ್ ಬದುಕಿರುವುದು ನೈಲ್ ನೀರಿನಿಂದ. ಮೇಲ್ಗಡೆ ಯಾರಾದರೂ ಅಣೆಕಟ್ಟು ಕಟ್ಟಿದರೆ? ಪ್ರಾಂಪ್ಟ್ ಎಂಬ ಫ್ರೆಂಚ್ ಎಂಜಿನಿಯರ್ 1893ರಲ್ಲಿ ಅಂಥ ಮಾತನ್ನೇ ಆಡಿದ. ನೈಲ್ ಹುಟ್ಟುವ ಸರೋವರದ ದಡದ ಉಗಾಂಡಾ 1894ರಲ್ಲಿ ಬ್ರಿಟನ್ನಿನ ಆಶ್ರಿತ ರಾಜ್ಯವಾಯಿತು. ಉಗಾಂಡಾ ಮುಟ್ಟಲು ಮೊಂಬಾಸಾದಿಂದ ರೈಲು ಬೇಕು ಎಂದು 1896ರಲ್ಲಿ ಹಳಿ ಹಾಸಲು ಶುರು. ಅದಕ್ಕೆ ಹಿಂದೂಸ್ತಾನದಿಂದ ಒಯ್ದದ್ದು 30 ಸಾವಿರಕ್ಕೂ ಹೆಚ್ಚು ಕೂಲಿಗಳನ್ನು. 1898ರ ಸೆಪ್ಟೆಂಬರ್ 2ರಂದು ಸುಡಾನಿನ ಒಮ್ದುರ್ಮಾನ್‌ನಲ್ಲಿ ಬ್ರಿಟಿಷ್ ಸೇನಾಪತಿ ಕಿಚನರ್‌ನ ಮೆಷಿನ್‌ಗನ್ನುಗಳ ಎದುರು ಬೆಳಗಿನ ಕೆಲವು ಗಂಟೆಗಳಲ್ಲಿ ಸತ್ತ ಸುಡಾನಿಗಳು 10 ಸಾವಿರಕ್ಕೂ ಮಿಕ್ಕು; ಅವನ ಕಡೆ ಸತ್ತವರು 50ನ್ನೂ ಮುಟ್ಟಲಿಲ್ಲ. ಅಲ್ಲಿಂದ ಅವನು ನೇರ ನೈಲ್ ದಂಡೆಯ ಫಷೋಡಾಗೆ ಹೋದ. ಕಾಡು, ಜೌಗು ದಾಟಿ ಎರಡು ವರ್ಷ ನಡೆದು ಬಂದ ಮೇಜರ್ ಮಾರ್ಷಾನ್ ಅಲ್ಲಿ ನೂರಿಪ್ಪತ್ತು ಚಿಲ್ಲರೆ ಸೆನೆಗಲ್ ಸೈನಿಕರೊಂದಿಗೆ ಫ್ರೆಂಚ್ ಬಾವುಟ ನೆಟ್ಟು ಕೂತಿದ್ದ. ಆ ಜೌಗು ನೆಲಕ್ಕಾಗಿ ಯುರೋಪಿನ ಎರಡು ದೊಡ್ಡ ದೇಶಗಳು ಯುದ್ಧದ ಅಂಚಿಗೆ ಬಂದವು. ಕೊನೆಗೆ ಫ್ರಾನ್ಸ್ ಹಿಂದೆ ಸರಿಯಿತು.

ಈ ವರ್ಷಗಳಲ್ಲಿ ಬಹುಕಾಲ ಬ್ರಿಟನ್ನಿನ ವಿದೇಶ ನೀತಿ ನಡೆಸುತ್ತಿದ್ದ ಸಾಲ್ಸ್‌ಬರಿಗೆ ಸೇನಾ ಪಂಡಿತರ ಮೇಲೆ ನಂಬಿಕೆ ಇರಲಿಲ್ಲ. ರಷ್ಯಾದ ಭಯ ಹೊತ್ತವರು ದೊಡ್ಡ ಅಳತೆಯ ನಕಾಶೆ ನೋಡಲಿ, ಸಣ್ಣದರಲ್ಲಿ ಎಲ್ಲವೂ ಹತ್ತಿರ ಕಾಣುತ್ತದೆ ಎಂದು 1877ರಲ್ಲೇ ಹೇಳಿದ್ದ. ಬಿಟ್ಟರೆ ಇವರು ಮಂಗಳ ಗ್ರಹದವರಿಂದ ನಮ್ಮನ್ನು ಕಾಯಲು ಚಂದ್ರನ ಮೇಲೂ ಪಹರೆ ಹಾಕಿಸಿಯಾರು ಎಂದು ಮುಂದೆ ಕೈರೋಗೆ ಬರೆದ ಪತ್ರದಲ್ಲಿ ಗೇಲಿ ಮಾಡಿದ. ಹೀಗೆಂದವನ ಕಾಲದಲ್ಲೇ ಉಗಾಂಡಾದ ರೈಲು ಹತ್ತಿದ್ದು, ಸುಡಾನ್ ಬಿದ್ದದ್ದು. ಇದೇ ಸಾಲ್ಸ್‌ಬರಿ 1867ರಲ್ಲಿ ಪಾರ್ಲಿಮೆಂಟಿನಲ್ಲಿ ಇನ್ನೊಂದು ಮಾತು ಎತ್ತಿದ್ದ. ಇಂಡಿಯಾವೆಂದರೆ ದುಡ್ಡು ಕೊಡದೆ ಬೇಕಾದಷ್ಟು ಸೈನಿಕರನ್ನು ಎತ್ತಿಕೊಳ್ಳಬಹುದಾದ ಪೂರ್ವ ಸಮುದ್ರದ ಬ್ಯಾರಕ್ಕು ಎಂಬ ಭಾವನೆ ತನಗೆ ಹಿಡಿಸದು ಎಂದು. ಬಾಂಬೆಯಿಂದ ಸೈನ್ಯ, ಆನೆಗಳ ಸಮೇತ, ಅಬಿಸೀನಿಯಾಕ್ಕೆ ಹೊರಟಿದ್ದ ಸಂದರ್ಭವದು. ಚಂದ್ರನ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. ಬ್ಯಾರಕ್ಕಿನ ಮಾತೇ ಹೆಚ್ಚು ತೂಕದ್ದು.

ಏಕೆಂದರೆ ಆ ಬ್ಯಾರಕ್ಕಿನ ಖರ್ಚು ಹೊತ್ತವರು ಸುಮ್ಮನಿರಲಿಲ್ಲ. 1882ರಲ್ಲಿ ಈಜಿಪ್ಟಿಗೆ ಹೋದ ಭಾರತೀಯ ಪಡೆಯ ವೆಚ್ಚದ ಒಂದು ಪಾಲು ಇಂಡಿಯಾದ ಲೆಕ್ಕಕ್ಕೇ ಬಿತ್ತು. 1896ರಲ್ಲಿ ಸುಡಾನಿನ ಸುವಾಕಿನ್ ಬಂದರು ಕಾಯಲು ಹೋದ ಪಡೆಯ ಸಂಬಳವನ್ನೂ ಇಂಡಿಯಾವೇ ಕೊಡಬೇಕೆಂದಾಗ ವೈಸರಾಯ್ ಸರ್ಕಾರವೇ ತಕರಾರು ತೆಗೆಯಿತು. ಇಂಡಿಯಾದ ಖರ್ಚುವೆಚ್ಚ ವಿಚಾರಿಸಲು 1895ರಲ್ಲಿ ಕೂತ ವೆಲ್ಬಿ ಆಯೋಗದಲ್ಲಿ ದಾದಾಭಾಯಿ ನವರೋಜಿ ಸದಸ್ಯರಾಗಿದ್ದರು. 1897ರಲ್ಲಿ ಗೋಪಾಲಕೃಷ್ಣ ಗೋಖಲೆ ಲಂಡನ್ನಿಗೆ ಹೋಗಿ ಅದರ ಮುಂದೆ ಸಾಕ್ಷ್ಯ ನುಡಿದರು. ಸಾಮ್ರಾಜ್ಯದ ಯುದ್ಧಕ್ಕೆ ರೈತನ ಕಂದಾಯ ಏಕೆ ಹೋಗಬೇಕು ಎಂಬುದು ಅವರ ಪ್ರಶ್ನೆ. ಯುದ್ಧಗಳೇನೂ ನಿಲ್ಲಲಿಲ್ಲ.

ಮೊದಲ ಮಹಾಯುದ್ಧದಲ್ಲಿ ಬ್ಯಾರಕ್ಕಿನ ಬಾಗಿಲು ಪೂರ್ತಿ ತೆರೆಯಿತು. ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು, ತಮ್ಮ ಅಶ್ವದಳ ಮೈಸೂರು ಲ್ಯಾನ್ಸರ್ಸ್ ಅನ್ನೂ ಕಳಿಸಿದರು. 1914ರ ಕೊನೆಗೆ ಆ ರಾವುತರು ಸೂಯೆಜ್ ಕಾಲುವೆಯ ದಂಡೆಯಲ್ಲಿದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಬಂದರಿನ ಎದುರು ಅವರಿಗೆ ಸಿಕ್ಕ ಜಾಗ ಇಕ್ಕಟ್ಟಿನದು: ಎಡಕ್ಕೆ ಕಾರ್ಮೆಲ್ ಗುಡ್ಡ, ಬಲಕ್ಕೆ ಕಾಲಿಟ್ಟರೆ ಕುಸಿಯುವ ಕಿಶೋನ್ ಹೊಳೆಯ ಕೆಸರು, ನಡುವೆ ಸಣ್ಣ ರಸ್ತೆ, ಅದರ ಮೇಲೆ ತುರ್ಕರ ಮೆಷಿನ್‌ಗನ್ನು. ಮೈಸೂರಿನ ಒಂದು ತುಕಡಿ ಮೇಕೆಗಳು ಓಡಾಡುವಂಥ ಕಾಲುದಾರಿಯಲ್ಲಿ ಕುದುರೆ ಹತ್ತಿಸಿಕೊಂಡು ಗುಡ್ಡದ ಮೇಲಿನ ಫಿರಂಗಿಗಳನ್ನು ಹಿಡಿಯಲು ಹೋಯಿತು. ಕೆಳಗೆ ಜೋಧಪುರದವರು ಈಟಿ ಹಿಡಿದು ನುಗ್ಗಿದರು, ಮೈಸೂರಿನ ಉಳಿದವರು ಅವರ ಹಿಂದೆ. ಸಂಜೆಯೊಳಗೆ ಊರು ಕೈವಶ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕಸ್ತಂಭವಿದೆ. ದೆಹಲಿಯ ತೀನ್ ಮೂರ್ತಿಯ ಮೂವರಲ್ಲಿ ಒಬ್ಬ ಮೈಸೂರಿನವನು. ಅವರು ಗೆದ್ದುಕೊಟ್ಟ ಹೈಫಾಗೆ 1935ರಲ್ಲಿ ಇರಾಕಿನ ಕಿರ್ಕುಕ್‌ನಿಂದ ತೈಲದ ಕೊಳವೆ ಬಂತು. ಹಾದಿಯ ಕೊನೆಯಲ್ಲಿದ್ದ ಇಂಡಿಯಾದ ಪಕ್ಕದಲ್ಲಿ ಎಣ್ಣೆಯೂ ಬಂದು ಕೂತಿತ್ತು.

ಇಂಡಿಯಾ ಕೈಬಿಡುವುದು ಖಚಿತವಾದ 1946ರಲ್ಲಿ ಪ್ರಧಾನಿ ಅಟ್ಲಿ ಸರಳ ಪ್ರಶ್ನೆ ಕೇಳಿದರು: ಹೋಗಬೇಕಾದ ಊರೇ ನಮ್ಮದಲ್ಲ ಎಂದಾದ ಮೇಲೆ ಮೆಡಿಟರೇನಿಯನ್ ಹಾದಿಗೆ ಇಷ್ಟು ಕಾವಲೇಕೆ? ಮೂರೂ ಸೇನೆಗಳ ಮುಖ್ಯಸ್ಥರು ರಾಜೀನಾಮೆಯ ಬೆದರಿಕೆ ಹಾಕಿದರು. ಅಟ್ಲಿ ಸುಮ್ಮನಾದರು. ಕಾವಲು ಉಳಿಯಿತು. ಉಳಿಯದೇ ಹೋದದ್ದು ಬ್ಯಾರಕ್ಕು. 1956ರಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸರ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದಾಗ ಬ್ರಿಟನ್ ಫ್ರಾನ್ಸ್, ಇಸ್ರೇಲ್‌ಗಳ ಜೊತೆಗೂಡಿ ಸೈನ್ಯ ಇಳಿಸಿತು. ಪೌಂಡ್ ಕುಸಿಯತೊಡಗಿತು, ಅಮೆರಿಕ ಕೈಹಿಡಿಯಲಿಲ್ಲ, ನವೆಂಬರ್ 6ರ ಮಧ್ಯರಾತ್ರಿ ಕದನ ನಿಂತಿತು. 1967ರ ನವೆಂಬರ್‌ನಲ್ಲಿ ಪೌಂಡಿನ ಬೆಲೆಯನ್ನು 2.80 ಡಾಲರಿನಿಂದ 2.40ಕ್ಕೆ ಇಳಿಸಬೇಕಾಯಿತು, ಅದೇ ತಿಂಗಳು ಏಡನ್ ಬಿಟ್ಟರು. ಮರುವರ್ಷದ ಜನವರಿಯಲ್ಲಿ ಸೂಯೆಜ್‌ನಿಂದ ಪೂರ್ವಕ್ಕಿರುವ ನೆಲೆಗಳನ್ನು ಖಾಲಿ ಮಾಡುವುದಾಗಿ ಘೋಷಣೆಯಾಯಿತು.

ಆಗ ಅಬುಧಾಬಿಯ ಶೇಖ್ ಜಾಯೆದ್ ಸೈನ್ಯದ ಖರ್ಚು ನಾವು ಕೊಡುತ್ತೇವೆ, ನೀವು ಇರಿ ಎಂದರು. ಬ್ರಿಟನ್ನಿನ ರಕ್ಷಣಾ ಮಂತ್ರಿ ಡೆನಿಸ್ ಹೀಲಿ ಟಿ.ವಿ.ಯಲ್ಲಿ ಸಿಡಿದರು: ಅರಬ್ ಶೇಖರಿಗೆ ಬಿಳಿಯರನ್ನು ಒದಗಿಸುವ ದಳ್ಳಾಳಿ ನಾನಾಗಲಾರೆ, ನಮ್ಮ ಸೈನಿಕರು ಕೂಲಿಯಾಳುಗಳಲ್ಲ. ಆಮೇಲೆ ಕ್ಷಮೆ ಕೇಳಿದರು. 1971ರ ಕೊನೆಗೆ ಬ್ರಿಟಿಷರು ಬಹರೇನ್ ಬಿಟ್ಟರು; ಅವರ ಜುಫೈರ್ ನೌಕಾನೆಲೆಯ ಒಂದು ಭಾಗವನ್ನು ಅಮೆರಿಕ ಬಾಡಿಗೆಗೆ ಹಿಡಿಯಿತು. 1980ರ ಜನವರಿಯಲ್ಲಿ ಅಧ್ಯಕ್ಷ ಕಾರ್ಟರ್, ಪರ್ಷಿಯನ್ ಕೊಲ್ಲಿಯ ಮೇಲೆ ಹೊರಗಿನವರು ಹಿಡಿತ ಸಾಧಿಸಲು ಬಂದರೆ ಸೈನ್ಯಬಲದಿಂದಲೇ ತಡೆಯುತ್ತೇವೆ ಎಂದು ಸಾರಿದರು.

ಅಮೆರಿಕಕ್ಕೆ ಶೇಖರ ದುಡ್ಡಿನ ಮುಜುಗರ ಇರಲಿಲ್ಲ. 1991ರಲ್ಲಿ ಕುವೈತ್ ಬಿಡಿಸಿದ ಯುದ್ಧಕ್ಕೆ ಬಿದ್ದ ವೆಚ್ಚ ಸುಮಾರು 6,100 ಕೋಟಿ ಡಾಲರ್. ಅದರಲ್ಲಿ 5,400 ಕೋಟಿಯಷ್ಟನ್ನು ಭರಿಸಿದವರು ಸೌದಿ ಅರೇಬಿಯಾ, ಕುವೈತ್, ಜಪಾನ್, ಜರ್ಮನಿ ಮೊದಲಾದವರು. 2003ರಲ್ಲಿ ಇರಾಕಿಗೆ ಸೈನ್ಯ ನುಗ್ಗಿದಾಗ ಅಂಥ ದಾನಿಗಳು ಮುಂದೆ ಬರಲಿಲ್ಲ. ಇರಾಕ್ ತೈಲವಿರುವ ದೇಶ, ತನ್ನ ಪುನರ್ನಿರ್ಮಾಣದ ಖರ್ಚನ್ನು ಬೇಗನೆ ತಾನೇ ಹೊರಬಲ್ಲದು ಎಂದು ಮಾರ್ಚ್ ಕೊನೆಯ ವಾರ ರಕ್ಷಣಾ ಇಲಾಖೆಯ ಪಾಲ್ ವುಲ್ಫೊವಿಟ್ಜ್ ಸಂಸತ್ತಿನ ಸಮಿತಿಗೆ ಭರವಸೆ ಕೊಟ್ಟರು. ನವೆಂಬರ್‌ನಲ್ಲಿ ಅದೇ ಸಂಸತ್ತು ಆ ಕೆಲಸಕ್ಕೆಂದು ಅಮೆರಿಕದ ಬೊಕ್ಕಸದಿಂದ 1,800 ಕೋಟಿ ಡಾಲರಿಗೂ ಹೆಚ್ಚು ಮಂಜೂರು ಮಾಡಿತು.